ಗುಬ್ಬಿಪಾಠ

ಗರಗಸದ ಹಲ್ಲಿನ ಹಾಗಿದೆಯಲ್ಲ ಇವರ ದನಿ, ಮಗಳ ಕಂಪ್ಯೂಟರಿನ ಪರದೆ ತುಂಬ ನೀಲಿ ಹಲ್ಲು — ತೀರಿಹೋಗಿ ಹತ್ತೊಂಬತ್ತು ವರ್ಷವಾದ ಗಂಡನನ್ನು ಹೀಗೆ ಉದ್ದಕ್ಕೆ ಮಲಗಿಸಿ ನೋಡುವುದೆಂದರೆ, ಬೇಡ, ನೋಡಬಾರದು, ಕೇಳಬೇಕು, ಕ್ಯಾಸೆಟ್ಟಿನ ಮೊದಲರ್ಧ ಇವರೇ, ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವವರ ನಿಧಾನ, ಒಂದೊಂದು ಅಕ್ಷರವನ್ನೂ ಮುಟ್ಟಿ ನೋಡಿ ಇಡುವ ಹಾಗೆ, ನಾನು ಹಗಲೆಲ್ಲ ಇಸ್ತ್ರಿ ಮಾಡುತ್ತ ಕೇಳಿ ದೊಡ್ಡವರ ಸಂಜೆಶಾಲೆಯಲ್ಲಿ ಒಪ್ಪಿಸಲಿ ಎಂದು ಓದಿಟ್ಟ ಭೂಗೋಳ, ಆಮೇಲೆ ಮೆಲ್ಲಮೆಲ್ಲನೆ ದನಿ ಸಣ್ಣಗಾಗಿ, ಏರಿ, ಓಡಿ, ಕೊನೆಗೆ ಬರೀ ಚಿಲಿಪಿಲಿ, ಗುಬ್ಬಿಪಾಠ ಎಂದು ನಾವೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದು, ಇವರೂ ನಕ್ಕಿದ್ದು, ಎಲ್ಲಾ ನಿನ್ನ ಸೆಲ್ಲಿನ ಪ್ರತಾಪ ಕಣೆ ಅಂದಿದ್ದು — ಹೌದು, ಹೊಸ ಸೆಲ್ಲು ಟಾರ್ಚಿಗಿರಲಿ ಎಂದು ಹಳೆಯವನ್ನೇ ಬಿಸಿಲಿಗಿಟ್ಟು ಟೇಪ್ ರೆಕಾರ್ಡರಿಗೆ ಹಾಕಿದವಳು ನಾನು, ಸೆಲ್ಲು ಸೋತಂತೆ ಟೇಪು ನಿಧಾನ, ನಿಧಾನಕ್ಕೆ ತುಂಬಿಕೊಂಡದ್ದು ಸರಿಯಾದ ವೇಗದಲ್ಲಿ ಕೇಳುವಾಗ ಓಟ, ಮಗಳು ಈಗ ಅದನ್ನು ಇಳಿಜಾರಿನ ಹಾಗೆ ತಿದ್ದುತ್ತಾಳಂತೆ, ಶುರುವಿಗೆ ಏನೂ ಮುಟ್ಟದೆ, ಮುಂದೆ ಹೋದಂತೆ ವೇಗವನ್ನೂ ಶ್ರುತಿಯನ್ನೂ ಒಟ್ಟಿಗೆ ಇಳಿಸುತ್ತ, ಕೊನೆಗೆ ಎಷ್ಟು ಇಳಿಸ್ಲಿ ಹೇಳಮ್ಮ, ಅಪ್ಪನ ದನಿ ನಿಂಗಲ್ವ ಗೊತ್ತಿರೋದು — ಗೊತ್ತೆ ನನಗೆ, ಮೂವತ್ತು ವರ್ಷ ಬಾಳಿದ ಕಿವಿ, ನೂರಕ್ಕೆ ಹದಿನೈದು ಇಳಿಸಿದರೆ ಮೈದುನನ ದನಿ, ಇಪ್ಪತ್ತೈದು ಅಂದರೆ ಯಾರೋ ದಪ್ಪ ಗಂಟಲಿನ ಪರಪುರುಷ, ನನ್ನಲ್ಲಿ ಉಳಿದಿರುವುದು ಗುಬ್ಬಿಯೊಂದೇ ಏನೋ, ಆಗ ಕೇಳಿಸಿತು, ಮಾತಿನ ಹಿಂದೆ ಗೋಡೆ ಗಡಿಯಾರ, ಮೊದಲರ್ಧದಲ್ಲಿ ಸಮಾಧಾನವಾಗಿ ಟಿಕ್, ಟಿಕ್, ಕೊನೆಯಲ್ಲಿ ಅದಕ್ಕೂ ಬಸ್ಸು ತಪ್ಪುವ ಆತುರ, ಗಡಿಯಾರ ಸರಿ ಮಾಡು ಮಗಳೇ, ನಿಮ್ಮಪ್ಪ ತಾವೇ ಸರಿಹೋಗ್ತಾರೆ ಅಂದೆ, ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು — ಬಂದರು, ಇವರೇ, ಭೂಮಿ ತನ್ನ ಸುತ್ತ ತಾನೇ, ಆಮೇಲೆ ಇದೇನು, ಟಿಕ್, ಟಿಕ್, ತೆರೆದ ಬಾಯಿಗೆ ಗಾಳಿ ಎಳೆದುಕೊಳ್ಳುವ ಸದ್ದು, ಟಿಕ್, ತಿರುಗುತ್ತದೆ — ಉಸಿರು ಸಿಗದೆ ಆಸ್ಪತ್ರೆಗೆ ಹೋದದ್ದು ಇದಾಗಿ ಎಂಟು ತಿಂಗಳಿಗೆ, ಮುಂಚೆಯೇ ಯಾಕೆ ಕರ್ಕೊಂಡು ಬರ್ಲಿಲ್ಲ ಅಂದರು ಡಾಕ್ಟರು, ಮುಂಚೆ ಏನೂ ಇರ್ಲಿಲ್ಲ ಸಾರ್ ಎಂದು ಆಣೆ ಇಟ್ಟವಳು ನಾನು, ಇತ್ತು, ಇಲ್ಲೇ ಇತ್ತು, ಗುಬ್ಬಿಯ ಓಟದಲ್ಲಿ, ನಮ್ಮ ನಗೆಯಲ್ಲಿ ಯಾರಿಗೂ ಕೇಳಿಸಿರಲಿಲ್ಲ, ಮಗಳ ಕೈ ಮೌಸಿನ ಮೇಲೆ ನಿಂತಿದೆ, ಈ ಉಸಿರು ಕತ್ತರಿಸ್ಲಾ ಅಮ್ಮ, ಗೊತ್ತೇ ಆಗಲ್ಲ, ಎರಡು ಮಾತು ಕೂಡ್ಕೊಳ್ಳುತ್ತೆ — ಬೇಡ, ಮುಟ್ಟಬೇಡ, ಇನ್ನೊಮ್ಮೆ ಹಾಕು, ಭೂಮಿ ತನ್ನ ಸುತ್ತ ತಾನೇ, ಟಿಕ್, ಬಾಯಿ ತೆರೆದಿದೆ, ಟಿಕ್, ತೆರೆದೇ ಇದೆ