ಹನ್ನೆರಡು ದಿನಗಳ ಕಾರಣ

ಅತ್ತೆ ಸೊಸೆ ಇಬ್ಬರೂ ಒಂದೇ ಕಿಟಕಿಯ ಬೆಳಕಿನಲ್ಲಿ ದುಡಿಯುತ್ತಿದ್ದರು. ಸೊಸೆ ಮಿಷನ್ ತುಳಿದು ಅಂಗಿ ಹೊಲಿದರೆ, ಅತ್ತೆ ಅದಕ್ಕೆ ಕಾಜಾ ಮಾಡಿ ಗುಂಡಿ ಹಾಕುತ್ತಿದ್ದರು. ಪಕ್ಕದ ಖಾಲಿ ಸೈಟಿನಲ್ಲಿ ನಾಲ್ಕು ಅಂತಸ್ತು ಕಟ್ಟಲು ಅನುಮತಿ ಸಿಕ್ಕಿದೆ, ಗೋಡೆ ಕಿಟಕಿಯಿಂದ ಒಂದೇ ಮೊಳ ದೂರದಲ್ಲಿ ಏಳುತ್ತದೆ ಎಂದು ತಿಳಿದ ದಿನ ಅತ್ತೆ ಸೂಜಿ ಕೆಳಗಿಟ್ಟರು.

"ಮೊದಲೇ ಕಣ್ಣು ಮಂಜು. ಇನ್ನು ತಡಕಾಡ್ಕೊಂಡು ಕಾಜಾ ಮಾಡ್ಬೇಕು, ಅಷ್ಟೆ."

ಅನುಮತಿಯನ್ನು ಪ್ರಶ್ನಿಸಿ ಕೋರ್ಟಿಗೆ ಹೋಗಲು ಆರು ವಾರದ ಗಡುವು. ಸೊಸೆ ಮರುದಿನವೇ ಕಟ್ಟಡ ಕಚೇರಿಗೆ ಹೋಗಿ ಆದೇಶದ ಪ್ರತಿ ಕೇಳಿದಳು. ಫೈಲು ಸಿಗುತ್ತಿಲ್ಲ ಎಂದರು. ಇವತ್ತು ಬಾ, ನಾಳೆ ಬಾ ಎಂದು ಅಲೆಸಿದರು. ಪ್ರತಿ ಕೈಗೆ ಬರುವಷ್ಟರಲ್ಲಿ ಗಡುವು ಮುಗಿದು ಎಂಟು ದಿನವಾಗಿತ್ತು. ಇನ್ನೇನು ಪ್ರಯೋಜನ, ಕೋರ್ಟಿನವರು ಬೈದು ಕಳಿಸುತ್ತಾರೆ ಎಂದು ಹೆದರಿ ಮೂರು ದಿನ ಮನೆಯಲ್ಲೇ ಕೂತಳು. ನಾಲ್ಕನೇ ದಿನ ಅತ್ತೆಯೇ ಅವಳನ್ನು ಎಬ್ಬಿಸಿಕೊಂಡು ವಕೀಲೆಯ ಬಳಿಗೆ ಹೋದರು.

"ಕೇಸಲ್ಲಿ ಹುರುಳಿದೆ, ನಿಯಮದಂತೆ ಬಿಡ್ಬೇಕಾದ ಜಾಗ ಬಿಟ್ಟಿಲ್ಲ. ಇವತ್ತೇ ಹಾಕೋಣ," ಎಂದರು ವಕೀಲೆ. "ಆದ್ರೆ ಹನ್ನೆರಡು ದಿನ ತಡ. ಒಂದೊಂದು ದಿನಕ್ಕೂ ಕಾರಣ ಕೊಡ್ಬೇಕು. ತಡ ಮಾಡಿದ್ದು ನಾವು ಅಂತ ಕಚೇರಿಯವ್ರು ಬರ್ಕೊಡ್ತಾರಾ?"

ತಮ್ಮ ಕಾಲ ಮೇಲೆ ತಾವೇ ಯಾರು ಕಲ್ಲು ಹಾಕಿಕೊಳ್ಳುತ್ತಾರೆ? ಆದರೂ ಸೊಸೆ ದಾಖಲೆ ಕೋಣೆಯ ಗುಮಾಸ್ತರನ್ನು ಕೇಳಿದಳು. ನಿವೃತ್ತಿಗೆ ವರ್ಷವಷ್ಟೇ ಉಳಿದಿದ್ದ, ಸದಾ ಸಿಡುಕುವ ಮನುಷ್ಯ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೋ ಗೀಚಿ ಕೊಡಬಹುದಿತ್ತು. ಅವರು ವಹಿ ತೆರೆದು ಅವಳು ಅರ್ಜಿ ಕೊಟ್ಟ ದಿನ, ಬಂದು ಬರಿಗೈಲಿ ಹೋದ ಹದಿಮೂರು ದಿನ, ಪ್ರತಿ ಕೊಟ್ಟ ದಿನ ಎಲ್ಲವನ್ನೂ ಬರೆದರು. ಕೊನೆಗೆ, 'ಫೈಲು ನನ್ನ ಕಪಾಟಿನಲ್ಲೇ ಬೇರೊಂದು ಕಟ್ಟಿನೊಳಗೆ ಸೇರಿತ್ತು. ತಪ್ಪು ನನ್ನದು' ಎಂದು ಸೇರಿಸಿ ಸಹಿ ಹಾಕಿದರು.

"ನಿಮಗೆ ತೊಂದರೆ ಆಗಲ್ವಾ ಸರ್?"

"ಆದ್ರೆ ಆಗ್ಲಿ. ನಡೆದದ್ದು ತಾನೆ ಬರ್ದಿರೋದು."

ಉಳಿದ ನಾಲ್ಕು ದಿನಕ್ಕೆ ಜ್ವರ ಅಂದುಬಿಡು ಎಂದು ನೆರೆಯವರು ಬುದ್ಧಿ ಹೇಳಿದರು. ಗುಮಾಸ್ತರು ಅಷ್ಟು ನಿಜ ಬರೆದುಕೊಟ್ಟ ಮೇಲೆ ಅವಳಿಗೆ ಸುಳ್ಳಾಡಲು ಮನಸ್ಸಾಗಲಿಲ್ಲ. ಕೋರ್ಟಿನಲ್ಲಿ ಕೇಳಿದಾಗ, "ಹೆದರ್ಕೊಂಡು ಮನೇಲೇ ಕೂತಿದ್ದೆ ಸ್ವಾಮಿ. ನಾಲ್ಕನೇ ದಿನ ಅತ್ತೆ ಎಳ್ಕೊಂಡು ಬಂದ್ರು," ಎಂದುಬಿಟ್ಟಳು.

ನ್ಯಾಯಾಧೀಶರು ಗುಮಾಸ್ತರ ಕಾಗದವನ್ನು ಎರಡು ಸಲ ಓದಿದರು. "ಗಡುವು ಗಡುವೇ. ಆದ್ರೆ ಆರು ವಾರವೂ ಈಕೆ ಕಚೇರಿ ಬಾಗಿಲಲ್ಲೇ ಇದ್ದಾರೆ. ಕಟ್ಟೋರು ಇನ್ನೂ ಪಾಯ ಕೂಡ ತೆಗೆದಿಲ್ಲ. ನಾಲ್ಕು ದಿನದ ಹೆದರಿಕೆಗೆ ಬಾಗಿಲು ಹಾಕೋದು ಬೇಡ," ಎಂದು ತಡವನ್ನು ಮನ್ನಿಸಿ ಕೇಸು ತೆಗೆದುಕೊಂಡರು.

ನಾಲ್ಕು ತಿಂಗಳಲ್ಲಿ ಹಳೆಯ ಅನುಮತಿ ರದ್ದಾಯಿತು. ಹೊಸ ನಕ್ಷೆಯಲ್ಲಿ ನಿಯಮದಂತೆ ಆರು ಅಡಿ ಜಾಗ ಬಿಟ್ಟರು. ಬೆಳಕು ಸ್ವಲ್ಪ ಕಡಿಮೆಯಾದರೂ ಅತ್ತೆಯ ಸೂಜಿಗೆ ದಾರ ಪೋಣಿಸಲು ಸಾಕಾಗುವಷ್ಟು ಉಳಿಯಿತು.

ಸೊಸೆ ಮತ್ತೆ ದಾಖಲೆ ಕೋಣೆಗೆ ಹೋದಳು. ಗುಮಾಸ್ತರಿಗೆ ಮೇಲಿನವರಿಂದ ನೋಟಿಸು ಬಂದು, ಅವರು ಉತ್ತರವನ್ನೂ ಕೊಟ್ಟಾಗಿತ್ತು. ಅವಳು ಕೈಮುಗಿದಳು.

"ಹದಿಮೂರು ಸಲ ಅಲೆಸಿದವನಿಗೆ ಕೈಮುಗೀತೀಯಲ್ಲಮ್ಮ," ಎಂದರು ಅವರು.

"ನಿಜ ಬರ್ದುಕೊಟ್ಟ ಆ ಒಂದು ಸಲಕ್ಕೆ, ಸರ್."

ಗುಮಾಸ್ತರು ಮೊದಲ ಬಾರಿಗೆ ನಕ್ಕು, ಅವಳಿಗೊಂದು ಕುರ್ಚಿ ಎಳೆದು ಹಾಕಿದರು.