ಉಗ್ರಪ್ಪನವರ ಟೀವಿ

ನಮ್ಮ ಬಡಾವಣೆ ಸಂಘದ ಕೋಣೆಯ ಟೀವಿಯ ಕೆಳಗೆ ‘ಉಗ್ರಪ್ಪನವರ ಕೊಡುಗೆ’ ಎಂದು ಚಿನ್ನದ ಬಣ್ಣದಲ್ಲಿ ಬರೆಸಿದ್ದಾರೆ. ಟೀವಿ ಆಫ್ ಆಗಿದ್ದರೂ ಅವರು ಮಾತ್ರ ಸದಾ ಆನ್. ಆ ಭಾನುವಾರ ಅದೇ ಟೀವಿಗೆ ಲ್ಯಾಪ್‌ಟಾಪ್ ಜೋಡಿಸಿ, ಅವರ ಹೊಲಸನ್ನು ಎಲ್ಲರ ಮುಂದೆ ತೋರಿಸಬೇಕೆಂದು ನಾನು ಹೋಗಿದ್ದೆ.

ಹೊಲಸು ಎಂದರೆ ಬರೀ ಬೈಗುಳವಲ್ಲ. ಹೇರೋಹಳ್ಳಿಯಲ್ಲಿ ನಮ್ಮದು ತಗ್ಗಿನ ಮನೆ. ಸಂಘದ ಅಧ್ಯಕ್ಷ ಉಗ್ರಪ್ಪ ಮೇಲಿನ ತಿರುವಿನಲ್ಲಿ ಬಾಡಿಗೆ ಕಟ್ಟಡ ಎಬ್ಬಿಸಿ, ಅದರ ಕಕ್ಕಸಿನ ಪೈಪನ್ನು ಮಳೆನೀರಿನ ಚರಂಡಿಗೆ ಬಿಟ್ಟಿದ್ದರು. ಅವರ ಬಾಡಿಗೆದಾರರು ಬೆಳಿಗ್ಗೆ ಫ್ಲಶ್ ಮಾಡಿದ್ದು ಮಧ್ಯಾಹ್ನದೊಳಗೆ ನಮ್ಮ ಹೊಸಿಲಿಗೆ ಬರುತ್ತಿತ್ತು. ಸಂಪಿನ ನೀರಿಗೂ ಅದೇ ವಾಸನೆ. ನನ್ನ ಅತ್ತೆ ಲಿಂಗಮ್ಮ ವಾಂತಿ-ಭೇದಿಯಾಗಿ ಆಸ್ಪತ್ರೆ ಸೇರಿ, ಮನೆಗೆ ಬಂದವರು ಹಾಸಿಗೆ ಬಿಟ್ಟೆದ್ದಿರಲಿಲ್ಲ.

ಸಭೆಯಲ್ಲಿ ನಾನು ಬಾಯಿಬಿಟ್ಟರೆ ಸಾಕು, ಉಗ್ರಪ್ಪ “ಸಾಕ್ಷಿ ಏನಮ್ಮಾ ಲತಾ?” ಎನ್ನುತ್ತಿದ್ದರು. ಅದಕ್ಕೇ ಪೈಪಿನಿಂದ ಕಪ್ಪು ನೀರು ಸುರಿಯುವುದನ್ನೂ, ಉಗ್ರಪ್ಪನವರೇ ನಿಂತು ಅದರ ಮೇಲೆ ಚಪ್ಪಡಿ ಎಳೆಸುವುದನ್ನೂ ವಿಡಿಯೋ ಮಾಡಿಕೊಂಡಿದ್ದೆ. ಅವತ್ತಿನ ಸಭೆಗೆ ವಾರ್ಡಿನ ಎಂಜಿನಿಯರ್ ಬಂದಿದ್ದರು. ಎಲ್ಲರೂ ಒಟ್ಟಿಗೆ ನೋಡಿಬಿಟ್ಟರೆ ಇಲ್ಲ ಎನ್ನಲು ಯಾರಿಗೂ ಬಾಯಿರುವುದಿಲ್ಲ ಎಂದು ನಂಬಿದ್ದೆ.

“ನಿಂಗ್ಯಾಕೆ ಊರ ಉಸಾಬರಿ ಕಣೇ,” ಎಂದು ಗಂಡ ಮೋಹನ್ ಕುಮಾರ್ ಕೊನೆಯ ಸಾಲಿನಲ್ಲಿ ಹೋಗಿ ಕೂತ. ಹೆತ್ತ ತಾಯಿ ಹಾಸಿಗೆ ಹಿಡಿದಿರುವುದು ಊರ ಉಸಾಬರಿಯಂತೆ. ಥೂ!

ವೈರ್ ಚುಚ್ಚಿದೆ. ಪರದೆಯ ಮೇಲೆ ‘ನೋ ಸಿಗ್ನಲ್’. ಬಿಟ್ಟಿ ಸಲಹೆಗೆ ನಮ್ಮಲ್ಲಿ ಬರವೇ?

“ರೀಸ್ಟಾರ್ಟ್ ಮಾಡಿ ಆಂಟಿ.”

ಮಾಡಿದೆ.

“ವಿಂಡೋಸ್ ಬಟನ್ ಜೊತೆ ಪಿ ಒತ್ತಿ.”

ಒತ್ತಿದೆ. ಇನ್ನೊಂದು ಪರದೆಯೇ ಸಿಗುತ್ತಿಲ್ಲ ಎಂದಿತು ಲ್ಯಾಪ್‌ಟಾಪ್.

ಖಜಾಂಚಿ ಕರಿಬಸಪ್ಪ ಪ್ಲಾಸ್ಟಿಕ್ ಕವರ್ ಬಿಚ್ಚದ ರಿಮೋಟನ್ನು ಒತ್ತೀ ಒತ್ತೀ ಕೊನೆಗೆ, “ನಿಮ್ ಲ್ಯಾಪ್‌ಟಾಪೇ ಡಬ್ಬಾ ಕಣಮ್ಮ,” ಎಂದರು.

“ನಿನ್ನೆ ಇದೇ ವೈರಲ್ಲಿ ನಮ್ಮನೆ ಟೀವಿಲಿ ಬಂತು ಸಾರ್. ಇಲ್ಲೇ ಏನೋ ಆಗಿದೆ.”

“ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ,” ಎಂದರು. ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕ.

ಎಂಜಿನಿಯರ್ ಬೋಂಡಾ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಲ್ಯಾಪ್‌ಟಾಪನ್ನೇ ಎತ್ತಿ ಅವರ ಮುಂದೆ ಹಿಡಿಯಲು ಹೋದೆ. ಉಗ್ರಪ್ಪ ನಡುವೆ ಬಂದು ನಿಂತರು. “ಇಷ್ಟಗಲದಲ್ಲಿ ಏನಮ್ಮಾ ಕಾಣುತ್ತೆ? ಬಿಡಿ, ಮುಂದಿನ್ ಮೀಟಿಂಗಲ್ಲಿ ನೋಡೋಣ.”

ಮುಂದಿನ ಮೀಟಿಂಗಿನವರೆಗೆ ಅತ್ತೆ ಏನು ಕುಡಿಯಬೇಕು? ನಾನು ಮತ್ತೆ ಟೀವಿಯ ಹತ್ತಿರ ಹೋಗಿ ವೈರ್ ಒತ್ತಿದೆ. ಅದು ಪೂರ್ತಿ ಒಳಗೆ ಹೋಗುತ್ತಿಲ್ಲ ಎಂದು ಬೆರಳಿಗೆ ಗೊತ್ತಾಯಿತು. ಮೊಬೈಲಿನ ಟಾರ್ಚ್ ಹಾಕಿ ಟೀವಿಯ ಪಕ್ಕಕ್ಕೆ ಕಣ್ಣಿಟ್ಟು ನೋಡಿದೆ. ವೈರ್ ಸೇರಿಸುವ ಬಾಯಿಗಳಿಗೆಲ್ಲ, ಪೆನ್‌ಡ್ರೈವ್ ಹಾಕುವ ಕಡೆಗೂ ಬಿಡದೆ, ಗಂಧ ಮೆತ್ತಿ ಕುಂಕುಮ ಇಟ್ಟಿದ್ದರು. ಒಣಗಿ ಗಾರೆಯಾಗಿತ್ತು.

“ಇದ್ಯಾರು ಇಟ್ಟಿದ್ದು?”

“ನಾನೇ ಕಣಮ್ಮ, ಆಯುಧ ಪೂಜೆಗೆ,” ಎಂದರು ಉಗ್ರಪ್ಪ, ಹೆಮ್ಮೆಯಿಂದ. “ಮುಂದ್ಗಡೆ ಇಟ್ರೆ ಮ್ಯಾಚ್ ಕಾಣಲ್ವಲ್ಲ? ಹೆಂಗೂ ಮ್ಯಾಚ್ ವೈಫೈಲೇ ಬರುತ್ತೆ ಅಂತ ವೈರ್ ಹೋಗೋ ಬಾಯಿಗೇ ಇಟ್ಬುಟ್ಟೆ.”

ಪೈಪಿನ ಬಾಯಿ ಊರಿಗೆಲ್ಲ ತೆರೆದಿಟ್ಟು, ಟೀವಿಯ ಬಾಯಿಗೆ ಗಂಧ ಮೆತ್ತಿದ ಮಹಾನುಭಾವ! ನನಗೆ ಹೇಸಿಗೆಯಾಯಿತು. ಸ್ವಿಚ್ ಆಫ್ ಮಾಡಿಸಿ, ಬೋಂಡಾ ತಟ್ಟೆಯಲ್ಲಿದ್ದ ಟೂತ್‌ಪಿಕ್ಕಿನಿಂದ ಮೆಲ್ಲಗೆ ಕೆರೆದೆ. ಕೆಂಪು ಪುಡಿ ಉದುರಿತು. “ಪೂಜೆ ಮಾಡಿದ್ ಕುಂಕುಮ ಹಂಗೆಲ್ಲ ಕೆರೀಬಾರ್ದಮ್ಮ,” ಎಂದು ಯಾರೋ ಅಂದರು. ನಾನು ತಿರುಗಿ ನೋಡಲಿಲ್ಲ.

ಈ ಸಲ ವೈರ್ ಪೂರ್ತಿ ಒಳಗೆ ಹೋಯಿತು. ಟೀವಿ ಹಾಕಿದೆ. ಬಂತು.

ಗೋಡೆಯಗಲದ ಪರದೆಯ ಮೇಲೆ ಪೈಪು, ಅದರ ಬಾಯಿಂದ ಬೀಳುವ ಕಪ್ಪು ನೀರು, ಅದರಲ್ಲಿ ತೇಲುವುದೆಲ್ಲ. ಬಿಳಿ ಪಂಚೆ ಎತ್ತಿಕಟ್ಟಿಕೊಂಡ ಉಗ್ರಪ್ಪ “ಎಳೀರಲೇ, ಬೇಗ ಮುಚ್ಚಿ,” ಎನ್ನುವುದು ಕೂಡ ಸ್ಪಷ್ಟವಾಗಿ ಕೇಳಿಸಿತು. ಎಲ್ಲರೂ ಕತ್ತು ಚಾಚಿ ಪರದೆಯನ್ನೇ ನೋಡುತ್ತಿದ್ದರು. ಗೆದ್ದೆ ಎಂದುಕೊಂಡೆ, ನನ್ನ ಪೆದ್ದುತನಕ್ಕೆ.

ಕರಿಬಸಪ್ಪ ಮೊದಲು ಬಾಯಿಬಿಟ್ಟರು. “ಏನ್ ಕ್ಲಾರಿಟಿ ರೀ! ಒಂದೊಂದ್ ಹನೀನೂ ಕಾಣುತ್ತೆ. ಉಗ್ರಪ್ಪೋರು ಕೊಡ್ಸಿದ್ ಟೀವಿ ಅಂದ್ರೆ ಸುಮ್ನೇನಾ?”

“ಫೋರ್ ಕೆ ಕಣ್ರೀ,” ಎಂದರು ಉಗ್ರಪ್ಪ.

ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಎಂಜಿನಿಯರ್ ಎದ್ದು, “ನೋಡೋಣಮ್ಮ,” ಎಂದು ಉಗ್ರಪ್ಪನವರ ಕಾರಿನಲ್ಲೇ ಹೊರಟರು. “ಆಂಟಿ, ವೈರ್ ತೆಗೀರಿ, ಮ್ಯಾಚ್ ಶುರುವಾಯ್ತು,” ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ನನ್ನ ಗಂಡನೂ ಎಳೆದುಕೊಂಡ.

ಲ್ಯಾಪ್‌ಟಾಪ್ ಎದೆಗವಚಿಕೊಂಡು, ಸೀರೆ ಎತ್ತಿ ಹಿಡಿದು, ಹೊಸಿಲ ಮುಂದೆ ನಿಂತಿದ್ದ ಆ ನೀರನ್ನೇ ತುಳಿದು ಮನೆಗೆ ಬಂದೆ. ಅತ್ತೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು.

“ತೋರಿಸ್ದಾ ಮಗಾ? ನೋಡಿದ್ರಾ?”

“ನೋಡಿದ್ರು ಅತ್ತೆ,” ಎಂದೆ. “ಎಲ್ರಿಗೂ ತುಂಬಾ ಚೆನ್ನಾಗಿ ಕಾಣಿಸ್ತು.”