ಹಳೆಯ ಬ್ರೌಸರಿನ ವೇಷ

ನನ್ನ ತಮ್ಮನಿಗೆ ಬುದ್ಧಿ ಬೇಕಾದಷ್ಟಿತ್ತು, ನಾಚಿಕೆ ಮಾತ್ರ ಇರಲಿಲ್ಲ. ನಾನು ಕಣ್ಣಿನ ಆಸ್ಪತ್ರೆಯ ವೆಬ್‌ಸೈಟ್ ನೋಡಿಕೊಳ್ಳುವವಳು. ಡಾಕ್ಟರನ್ನು ಕಾಣಬೇಕಾದರೆ ಅದರಲ್ಲೇ ಸಮಯ ಕಾದಿರಿಸಬೇಕು. ಬೆಳಿಗ್ಗೆ ತೆರೆದ ಕೂಡಲೇ ಎಲ್ಲ ಸಮಯವೂ ಮುಗಿದುಹೋಗಿರುತ್ತಿತ್ತು. ರೋಗಿಗಳು ನಮಗೆ ಹಿಡಿಶಾಪ ಹಾಕುತ್ತಿದ್ದರು. ಯಾರೋ ತಾನಾಗಿಯೇ ಗುಂಡಿ ಒತ್ತುತ್ತಾ ಹೋಗುವ ಸ್ಕ್ರಿಪ್ಟ್ ಬಿಟ್ಟು ಎಲ್ಲವನ್ನೂ ಬಾಚಿಕೊಂಡು ದಲ್ಲಾಳಿಗಳಿಗೆ ಮಾರುತ್ತಿದ್ದರು. ಹಿಡಿಯೋಣವೆಂದರೆ ಆ ದರಿದ್ರ ಸ್ಕ್ರಿಪ್ಟ್ ಬರುತ್ತಿದ್ದುದು ಸಾಮಾನ್ಯ ಮನುಷ್ಯರ ವೇಷದಲ್ಲಿ: ಹಳೆಯ ಫೋನು, ಹಳೆಯ ಬ್ರೌಸರ್, ತಡವರಿಸುವ ಬೆರಳು.

ತಲೆ ಕೆಟ್ಟು, ಆ ಹಳೆಯ ಬ್ರೌಸರನ್ನೇ ಪೂರ್ತಿ ತಡೆದುಬಿಟ್ಟೆ. ಈಗ ಅದನ್ನು ಯಾರು ಬಳಸುತ್ತಾರೆ ಎಂಬ ಧೈರ್ಯ. ಅದರಿಂದ ಬಂದವರಿಗೆ ‘ನಾನು ಯಂತ್ರವಲ್ಲ, ಮನುಷ್ಯ’ ಎಂಬ ಗುಂಡಿ ಕಾಣುತ್ತಿತ್ತು. ಎಷ್ಟು ಸಲ ಒತ್ತಿದರೂ ಮತ್ತೆ ಅದೇ ಪುಟ. ಯಂತ್ರ ತಾನೇ, ಒತ್ತುತ್ತಾ ಬಿದ್ದಿರಲಿ ಅಂದುಕೊಂಡೆ.

ಆಮೇಲೊಂದು ಬೆಳಿಗ್ಗೆ ಅಮ್ಮ ಲೋಟಕ್ಕೆ ನೀರು ಬಗ್ಗಿಸಲು ಹೋಗಿ ಮೇಜಿನ ಮೇಲೆಲ್ಲ ಸುರಿದಳು. ಲೋಟ ಎಲ್ಲಿದೆಯೆಂದೇ ಅವಳಿಗೆ ಕಾಣುತ್ತಿರಲಿಲ್ಲ. ನಾನೂ ತಮ್ಮನೂ ಅವಳನ್ನು ನಮ್ಮ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಓಡಿದೆವು. ಕಣ್ಣಿನೊಳಗಿನ ಒತ್ತಡ ಏರಿ ಎರಡೂ ಕಣ್ಣಿನ ನರ ಸತ್ತಿದೆ, ಮಂಜಾಗತೊಡಗಿದಾಗಲೇ ಬಂದಿದ್ದರೆ ಉಳಿಯುತ್ತಿತ್ತು ಎಂದರು ಡಾಕ್ಟರು.

ಬಾಯಿ ಸತ್ತುಹೋಗಿತ್ತಾ ಎಂದು ನಾನು ಅಮ್ಮನ ಮೇಲೆ ರೇಗಿದೆ. ಹೆತ್ತವಳಿಗೂ ಸಾಲು ತಪ್ಪಿಸಿ ಡಾಕ್ಟರ ಸಮಯ ಕೊಡಿಸುವುದಿಲ್ಲ ಎಂದು ಹಿಂದೆ ಜಂಬ ಕೊಚ್ಚಿದವಳು ನಾನೇ. ಮಗಳ ಹೆಸರು ಕೆಡಬಾರದೆಂದು ಅವಳೇ ತನ್ನ ಫೋನಿನಲ್ಲಿ ದಿನಾ ಪ್ರಯತ್ನಿಸುತ್ತಿದ್ದಳಂತೆ.

ಅದನ್ನು ಕೇಳಿ ತಮ್ಮ ಬಿಳಿಚಿಕೊಂಡ. ಹೊರಗೆ ಕರೆದು ಕೇಳಿದರೆ ಬಾಯಿಬಿಟ್ಟ. ಸ್ಕ್ರಿಪ್ಟ್ ಅವನದೇ. ವೇಷ ಹಾಕಿಸಲು ಕೈಗೆ ಸಿಕ್ಕಿದ್ದು ಅಮ್ಮನ ಫೋನು, ಅದರ, ಅದರ ಬ್ರೌಸರಿನ ಗುರುತನ್ನೇ ನಕಲು ಮಾಡಿದ್ದ. ಅಂಥ ಮುದಿ ಫೋನಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ ಎಂದು ಲೆಕ್ಕ ಹಾಕಿದ್ದನಂತೆ. ಸೈಟು ಎಲ್ಲರಿಗೂ ತೆರೆದೇ ಇದೆ, ತಾನು ಬೇಗ ಕೇಳಿದೆ ಅಷ್ಟೇ ಎಂದು ತೊದಲಿದ. ನಾನು ಅವನ ಕೊರಳಪಟ್ಟಿ ಹಿಡಿದೆ.

“ತಪ್ಪಲ್ಲ ಅಂತಿದ್ರೆ ನಿನ್ನ ಮುಖ ಇಟ್ಕೊಂಡೇ ಬರ್ತಿದ್ದೆ ಕಣೋ. ಅಮ್ಮನ ಮುಖ ಯಾಕೆ ಹಾಕ್ಕೊಂಡೆ?”

ತಡೆದವಳು ನೀನೇ ತಾನೆ ಎಂದು ಅವನು ತಿರುಗಿ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಸುಮ್ಮನೆ ಅತ್ತ. ನನಗೆ ಅಳುವೂ ಬರಲಿಲ್ಲ.

ಒಳಗೆ ಹೋದಾಗ ಅಮ್ಮ ನನ್ನ ಕೈಯನ್ನು ತಡಕಿ ಹಿಡಿದುಕೊಂಡಳು.

“ಯಾರನ್ನೂ ಬೈಬೇಡ ಕಣೆ. ನಾನು ಮನುಷ್ಯಳು ಅಂತ ದಿನಾ ಒತ್ತುತ್ತಾನೇ ಇದ್ದೆ. ಕಣ್ಣು ಮಂಜಾಗಿತ್ತಲ್ಲ, ನಾನೇ ಎಲ್ಲೋ ತಪ್ಪು ಒತ್ತಿರ್ಬೇಕು.”